ಕಾಜಲಳ ಹಿಡಿ

ಕುರಿಮರಿ ಕಟ್ಟುವ ಹಗ್ಗದಿಂದ ಶಿವಾಜಿ ಮಗಳ ಎಡಗೈಯನ್ನು ಅವಳ ಬೆನ್ನ ಹಿಂದೆ ಕಟ್ಟುತ್ತಿದ್ದ. ಮಂಡಿಯೂರಿ ಬಾಗಿ, ಗಂಟನ್ನು ಹಲ್ಲಿನಿಂದ ಎಳೆದು ಬಿಗಿದ. ಆರು ವರ್ಷದ ಕಾಜಲ ಚೀರಿದಳು.

“ಬಿಡ್ರಿ, ಕೈ ನೀಲಿ ಆಗ್ಯಾದ!” ರೂಪಾಲಿ ಗಂಡನ ತೋಳು ಎಳೆದಳು. ಅವನು ಮೊಣಕೈಯಿಂದ ತಿವಿದ. ಅವಳ ತುಟಿ ಒಡೆಯಿತು.

“ಬೀರಪ್ಪನ ಪ್ರಸಾದ ಎಡಗೈಲೆ ತಿಂದಾಳ. ಮಂದ್ಯಾಗ ನನ್ನ ಇಜ್ಜತ್ ಹೋತು. ಒಳ್ಳೆ ಕೈ ಕಟ್ಟಂತ ಉಮರ್ಗಾದ ನಿನ್ನ ಮೇಡಮ್ಮೇ ಹೇಳ್ಯಾಳಲ್ಲ?”

ಕಾಜಲಳ ಬಲಗೈ ಹುಟ್ಟಿದಾಗಿನಿಂದ ಮುಷ್ಟಿಗಟ್ಟಿಯೇ ಇತ್ತು. ಇಂಥ ಮಕ್ಕಳಿಗೆ ಉಣ್ಣುವುದು, ಗುಂಡಿ ಹಾಕುವುದು ಕಲಿಸುವ ಆ ಮೇಡಂ, ಥೆರಪಿಸ್ಟ್ ದೀಪಾಲಿ, ಹೇಳಿದ್ದು ಬೇರೆ: ಆಟದ ಹೊತ್ತು ಎಡಗೈಗೊಂದು ಮೆತ್ತನೆ ಕಾಲುಚೀಲ ಹಾಕಿ, ಬಲಗೈ ತಾನೇ ಕೆಲಸ ಹುಡುಕಲಿ, ಅತ್ತರೆ ತೆಗೆದುಬಿಡಿ. ಕುರಿಗಳ ಹಿಂದೆ ಊರೂರು ತಿರುಗುವ ಶಿವಾಜಿಗೆ, ರೂಪಾಲಿ ಫೋನಿನಲ್ಲಿ ಹೇಳಿದ್ದರಲ್ಲಿ ಕೈ ಕಟ್ಟುವುದಷ್ಟೇ ಕೇಳಿಸಿತ್ತು.

“ಕಾಲುಚೀಲ ಅಂದಿದ್ದೆ. ಹಗ್ಗ ಅಲ್ರಿ!”

“ಎಲ್ಲಾ ಒಂದೇ.” ತಟ್ಟೆಯನ್ನು ಮಗಳ ಮುಂದೆ ತಳ್ಳಿ ಕೆನ್ನೆಗೆ ಬಾರಿಸಿದ. “ಬಲಗೈಲೆ ಉಣ್ಣು!”

ಏಟಿಗೆ ಕಾಜಲಳ ಮೈಯೆಲ್ಲ ಸೆಟೆದುಕೊಂಡಿತು. ಬಲಗೈ ಮೇಲಕ್ಕೆ ಹಾರಿತು. ಕೊಕ್ಕೆಯಂತಿದ್ದ ಬೆರಳು ಅಪ್ಪನ ಕಿವಿಯ ಉಂಗುರದಂಥ ಮುರುವಿನೊಳಗೆ ಸಿಕ್ಕಿ ಬಿಗಿಯಿತು.

ಶಿವಾಜಿ ಕಿರುಚಿದ. ಕಿರುಚಿದಷ್ಟೂ ಹಿಡಿ ಬಿಗಿಯಾಯಿತು. ಮತ್ತೆ ಹೊಡೆದ. ಕಿವಿ ಹರಿಯತೊಡಗಿ ರಕ್ತ ಮಗಳ ಮುಂಗೈಗೆ ಇಳಿಯಿತು.

“ಬಿಡಂತ ಹೇಳ ಇಕಿಗಿ!”

“ಆ ಕೈಗಿ ಬಿಡ್ಲಿಕ್ಕ ಬರಂಗಿಲ್ರಿ. ಅದನ್ನ ಕಲೀಲಿಕ್ಕೇ ಉಮರ್ಗಾಕ್ಕ ಹೋಗ್ತೀವಿ.”

“ಬೆರಳ ಮುರಿಯೇ ರಂಡೆ, ನನ್ನ ಮಗನ ಕಿವಿ ಹರೀತದ!” ಬಾಗಿಲಲ್ಲಿ ಅತ್ತೆ ಅಂಜನಾಬಾಯಿ ಎದೆ ಬಡಿದುಕೊಂಡಳು.

ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿದರೆ ಬೆರಳು ತಾವಾಗಿ ಸಡಿಲುತ್ತವೆ. ರೂಪಾಲಿಗೆ ಅದು ಗೊತ್ತಿತ್ತು. ಮಗಳ ಮಣಿಕಟ್ಟು ಹಿಡಿದಳು. ಬಗ್ಗಿಸಲಿಲ್ಲ.

“ಮೊದಲ ಹಗ್ಗ ಬಿಚ್ಚು.”

ಗಂಡನಿಗೆ ಎಂದೂ ಏಕವಚನ ಆಡಿದವಳಲ್ಲ. ಅವನು ಬೈಯಲು ಬಾಯಿ ತೆರೆದ. ಮುರುವು ಇನ್ನಷ್ಟು ಜಗ್ಗಿತು. ತಲೆ ಎತ್ತಲಾಗದೆ, ಮಗಳ ಬೆನ್ನ ಹಿಂದೆ ಕುರುಡನಂತೆ ತಡಕಾಡಿ ಗಂಟು ಕೆರೆದ, ಉಗುರು ಕಿತ್ತುಬರುವಷ್ಟು. ಹಗ್ಗ ಉದುರಿತು.

ರೂಪಾಲಿ ಮಣಿಕಟ್ಟು ಬಗ್ಗಿಸಿದಳು. ಬೆರಳು ಬಿಚ್ಚಿದವು.

ಅಷ್ಟರಲ್ಲಿ ಕಾಜಲಳ ಎಡಗೈ ಅವನ ಇನ್ನೊಂದು ಮುರುವನ್ನು ಹಿಡಿದಿತ್ತು.

“ಇದನ್ನೂ ಬಿಡಿಸೇ!”

“ಈ ಕೈಗಿ ಬಿಡ್ಲಿಕ್ಕ ಬರ್ತದ,” ರೂಪಾಲಿ ತುಟಿಯ ರಕ್ತ ಒರೆಸಿಕೊಂಡಳು. “ಆಕಿಗೇ ಕೇಳ್ಕೋ.”

ಶಿವಾಜಿ ಮಗಳ ಬಾತ ಕೆನ್ನೆ ನೋಡಿದ. “ಬಿಡವ್ವಾ.”

“ಮತ್ತ ಕಟ್ತಿ?”

“ಇಲ್ಲ.”

ಕಾಜಲ ಮುರುವನ್ನು ಒಂದು ಸುತ್ತು ತಿರುವಿದಳು. “ಜೋರಲೆ ಹೇಳು.”