ತಲೆಕೆಳಗಾಗಿ ನೆಟ್ಟ ಮಜ್ಜಿಗೆಹುಲ್ಲು

ಮೊದಲ ಹನಿ ಬಿದ್ದದ್ದು ಸಾರಿನ ಕಡಾಯಿಗೆ. ಎರಡನೆಯದು ಸಮ್ಲಿಯ ಮೂಗಿನ ಮೇಲೆ. ಆಮೇಲೆ ಮೇಕಾಂಗ್ ನದಿಯನ್ನೇ ಯಾರೋ ಮೇಲಿನಿಂದ ಬೋರಲು ಹಾಕಿದಂತೆ ಸುರಿಯಿತು. ಚಪ್ಪರದ ಬಟ್ಟೆ ತುಂಬಿದ ಬಸುರಿಯ ಹೊಟ್ಟೆಯಂತೆ ಜೋತಿತು. ಒರಳಿನ ಮುಂದೆ ಕೂತಿದ್ದ ಹೆಂಗಸರು ತಲೆ ಎತ್ತಿದರು. ಆಕಾಶವನ್ನಲ್ಲ, ಎಲ್ಲರೂ ನೋಡಿದ್ದು ಲಾಮ್ದುವಾನಳನ್ನು.

ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಮಜ್ಜಿಗೆಹುಲ್ಲಿನ ಕಡ್ಡಿಗಳನ್ನು ಬುಡ ಮೇಲೆ, ತುದಿ ಕೆಳಗೆ ಮಾಡಿ ಮಣ್ಣಿಗೆ ಚುಚ್ಚಿ, ಮಳೆ ಬಾರದಿರಲಿ ಎಂದು ಕೈಮುಗಿದವಳು ಅವಳೇ. ಗಂಡಸಿನ ಸೋಂಕಿಲ್ಲದ ಹುಡುಗಿ ಹಾಗೆ ನೆಟ್ಟರೆ ಬಂದ ಮೋಡವೂ ಹಿಂದಕ್ಕೆ ಹೋಗುತ್ತದೆ ಎನ್ನುವುದು ಊರಿನ ನಂಬಿಕೆ. ಊರಿನ ವಾಡಿಕೆಯಂತೆ ಸಮ್ಲಿಯ ಮಗ ಇವತ್ತು ಒಂದು ಮಳೆಗಾಲದ ಮಟ್ಟಿಗೆ ಭಿಕ್ಷುವಾಗುವವನಿದ್ದ. ಮಳೆಗಾಲ ಕಳೆದು, ಕಾವಿ ಬಿಚ್ಚಿಟ್ಟು ಬಂದ ಮೇಲೆ ಅವನಿಗೂ ಲಾಮ್ದುವಾನಳಿಗೂ ಮದುವೆ. ಅದಕ್ಕೇ ಸಮ್ಲಿ, "ನನ್ನ ಸೊಸೆಯಾಗೋಳೇ ನೆಡ್ಲಿ" ಎಂದು ಆಚೆ ದಡಕ್ಕೂ ಕೇಳುವಂತೆ ಕೂಗಿದ್ದಳು.

"ನೆಟ್ಟಿದ್ದೇನೋ ಸರಿಯಾಗೇ ನೆಟ್ಳು," ಎಂದಳು ಒರಳಿನ ಮುಂದಿದ್ದ ಪ್ರಯೂನ್. "ಹುಲ್ಲಿಂದೇನೂ ತಪ್ಪಿಲ್ಲ ಬಿಡಿ. ಪಟ್ಟಣದ ಹೊಲಿಗೆ ಕಾರ್ಖಾನೇಲಿ ಇದ್ದು ಬಂದವಳು. ಅಲ್ಲಿ ಮಳೆ ಜೋರಂತೆ."

ಹೆಂಗಸರು ಕಿಸಕ್ಕೆಂದರು. ಸಮ್ಲಿ ನಗಲಿಲ್ಲ. ಸೌಟು ತಿರುವುತ್ತಲೇ ಹೇಳಿದಳು: "ಮದುವೆ ಮಾತು ಸದ್ಯಕ್ಕೆ ಬೇಡ. ಹುಡುಗ ಬರ್ಲಿ, ಆಮೇಲೆ ನೋಡೋಣ."

ಹುಲ್ಲು ಹೆಚ್ಚುತ್ತಿದ್ದ ಲಾಮ್ದುವಾನಳ ಕತ್ತಿ ನಿಂತಿತು. ಅವಳ ಅಜ್ಜಿ ಬುನ್ಮಾ ಆಗಷ್ಟೇ ಹಿತ್ತಲಿನಿಂದ ಇನ್ನೊಂದು ಹೊರೆ ಮಜ್ಜಿಗೆಹುಲ್ಲು ತಂದಿದ್ದಳು. ಬಚ್ಚಲ ನೀರು ಕುಡಿದು ಬೆಳೆದ ಆ ಪೊದೆಯೊಳಗೆ ಆನೆ ಹೊಕ್ಕರೆ ಬಾಲವೂ ಕಾಣುತ್ತಿರಲಿಲ್ಲ. ಮುದುಕಿಯ ಕಿವಿ ಕಾದ ಕಾವಲಿಯಾಯಿತು.

"ಏನೇ ಸಮ್ಲಿ, ಮಳೆಗಾಲದಲ್ಲಿ ಮಳೆ ಬರ್ದೆ ಮೀನ್ ಸಾರು ಬೀಳುತ್ತಾ? ಭಿಕ್ಷು ಮಾಡೋಕೆ ಬೇಸಿಗೆ ಪೂರ್ತಿ ಇತ್ತು. ಆಗ ನಿನ್ನ ಮಗ ಕೋಳಿ ಅಂಕದಲ್ಲಿ ಬಿದ್ದು ಹೊರಳಾಡ್ತಿದ್ದ."

"ನಾನೇನಂದೆ ಈಗ? ನೀವ್ಯಾಕೆ ಹಿಂಗೆ ಹಾರಾಡ್ತೀರಿ?"

"ನೀನೇನೂ ಅನ್ಲಿಲ್ಲ ತಾಯಿ. ನಿನ್ನ ಸೌಟು ಅಂತು."

"ಅಜ್ಜಿ, ಬಾ, ಮನೆಗೋಗೋಣ," ಲಾಮ್ದುವಾನ್ ಅವಳ ತೋಳು ಎಳೆದಳು.

"ಬರಲ್ಲ ಕಣೇ. ಈಗ ಹೋದ್ರೆ ಈ ಮಾತು ನಿನ್ನ ಬೆನ್ನಿಗಂಟ್ಕೊಂಡು ಬರುತ್ತೆ. ನೀನು ಸತ್ರೂ ಬಿಡಲ್ಲ."

ಬುನ್ಮಾ ಹೊರೆಯಿಂದ ಬೇರುಸಹಿತ ಒಂದು ಹಿಡಿ ಕಡ್ಡಿ ಕಿತ್ತುಕೊಂಡು ಚಪ್ಪರದಾಚೆ ಮಳೆಗೆ ಇಳಿದಳು.

"ನಮ್ಮ ಹಿತ್ತಲ ಹುಲ್ಲು ಕುಟ್ಟಿ ಹಾಕಿದ ಸಾರು ತಿಂದು ತಿಂದೇ ನಿಮ್ಮ ನಾಲಿಗೆ ಇಷ್ಟುದ್ದ ಬೆಳೆದಿದ್ದು. ಇವಳ ಕೈ ಕೆಟ್ಟಿದ್ರೆ ಊರಲ್ಲಿ ಬೇರೆ ಕೈ ಇಲ್ವಾ? ತಗೊಳ್ರೇ. ನಿಮ್ಮ ನಿಮ್ಮ ಹೆಣ್ಮಕ್ಕಳ ಕೈಲಿ ನೆಡ್ಸಿ. ಯಾರ ಮಗಳು ನೆಟ್ಟಾಗ ಮಳೆ ನಿಲ್ಲುತ್ತೋ ಅವಳಮ್ಮನ ಕಾಲು ತೊಳೆದು ಆ ನೀರು ಕುಡೀತೀನಿ. ಪ್ರಯೂನ್, ನಿನ್ನ ಮಗಳೆಲ್ಲಿ?"

ಪ್ರಯೂನ್ ಏನೋ ಬಿದ್ದುಹೋದಂತೆ ಒರಳಿನೊಳಗೆ ಇಣುಕತೊಡಗಿದಳು. ಉಳಿದವರ ಕೈಯಲ್ಲಿ ಕುಟ್ಟಾಣಿ ಹಾಗೇ ಉಳಿಯಿತು. ಕಡಾಯಿಯಲ್ಲಿ ಸಾರು ತೆಳ್ಳಗಾಗುತ್ತಿತ್ತು.

ಸಮ್ಲಿಯ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳ ಮಗಳು ಚಬಾ ಎದ್ದು ನಿಂತಳು. ಲಾಮ್ದುವಾನಳತ್ತ ಒಮ್ಮೆ ನೋಡಿ, ಕೈ ಒರೆಸಿಕೊಂಡಳು.

"ಕೊಡಿ ಅಜ್ಜಿ. ನಾನು ನೆಡ್ತೀನಿ."

ಅವಳು ಒಂದು ಹೆಜ್ಜೆ ಇಟ್ಟಿದ್ದಳಷ್ಟೆ. ಸೌಟು ಕಡಾಯಿಯೊಳಗೆ ಜಾರಿ ಮುಳುಗಿತು. ಸಮ್ಲಿ ಎರಡೂ ಕೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡಿದ್ದಳು.

ಬುನ್ಮಾಳ ಕೈ ಚಾಚಿಯೇ ಇತ್ತು. ಹುಲ್ಲಿನ ಬುಡಕ್ಕೆ ಮೆತ್ತಿದ್ದ ಮಣ್ಣು ಮಳೆಗೆ ಕರಗಿ ಇಳಿಯುತ್ತ, ಬೇರು ಒಂದೊಂದೇ ಎಳೆ ಬೆಳ್ಳಗೆ ಕಾಣತೊಡಗಿತು.