ಮೇಲಿನ ಸಾಲಿನ ಹಲ್ಲು

ಡಾಕ್ಟರು ಸ್ಪಂದನಾಳ ತೋಳನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆಯುತ್ತಲೇ ಇದ್ದರು. ಮೂರು ವರ್ಷದ ನನ್ನ ಮಗಳು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದಳು. ಕಚ್ಚಿದ ಜಾಗ ಊದಿಕೊಂಡು ಕೀವಾಗಿತ್ತು.

ಪಕ್ಕದ ಮನೆ ಗಂಗಾಂಬಿಕೆಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಚ್ಚಿದ್ದು ಅವಳ ಮಗ ಷಡಕ್ಷರಿ ಎಂದು, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ನನ್ನ ಅವ್ವ ಹೇಳಿದ್ದಳು. ಮೊನ್ನೆ ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಹಿರೀಸಾವೆಯಲ್ಲಿ ಬಸ್ಸಿಳಿದವಳು, ವಿಷಯ ತಿಳಿದದ್ದೇ ಆ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದಿದ್ದೆ. "ನಮ್ ಹುಡ್ಗ ಅಲ್ಲ ಕಣ್ರೀ" ಎಂದು ಅವಳು ಅಂಗಲಾಚಿದರೂ ಬಿಡಲಿಲ್ಲ. ಕೊನೆಗೆ ನನ್ನೆದುರೇ ಮಗನ ಬೆನ್ನಿಗೆ ಎರಡು ಬಿಗಿದಳು. ಅವ್ವ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಯಾರು ಕಚ್ಚಿದ್ದು?" ಎಂದರು ಡಾಕ್ಟರು.

"ಪಕ್ಕದ್ಮನೆ ಹುಡ್ಗ ಸಾ. ಐದು ವರ್ಷದವ್ನು."

ಅವರು ಗಾಯದ ಪಕ್ಕ ಸ್ಕೇಲು ಹಿಡಿದು ನೋಡಿದರು. "ಮಕ್ಕಳ ಬಾಯಿ ಇಷ್ಟು ಅಗಲ ಇರಲ್ಲಮ್ಮ. ಇದು ದೊಡ್ಡವರು ಕಚ್ಚಿರೋದು. ಮೇಲಿನ ಸಾಲಲ್ಲಿ ನೋಡಿ, ಮುಂದಿನ ಒಂದು ಹಲ್ಲಿನ ಗುರುತೇ ಇಲ್ಲ."

ನಾನು ತಿರುಗಿದೆ. ನಮ್ಮ ಜೊತೆಗೆ ಬಂದು ಹಿಂದೆ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಮುಂದಿನ ಹಲ್ಲು ಕಳೆದುಕೊಂಡವಳು. ಅತ್ತೆಯನ್ನು ನಂಬದೆ, ಕೊರವಂಗಲದಿಂದ ಇವಳನ್ನು ಕರೆತಂದು ಮಗುವನ್ನು ಒಪ್ಪಿಸಿದವಳು ನಾನು.

"ಮೊದ್ಲು ಅವ್ಳೇ ನನ್ ಕೈ ಕಚ್ಚುದ್ಲು ಕಣವ್ವ" ಎಂದಳು ಅವ್ವ. "ತಿರ್ಗಿ ಕಚ್ಚುದ್ರೇನೆ ಬುದ್ಧಿ ಬರಾದು. ಒಸಿ ಜೋರಾಗೋಯ್ತು. ನಿಂಗೂ ಕಚ್ಚೋ ಚಟ ಅಂಗೇ ಬುಡ್ಸಿದ್ದು."

"ಆ ಹುಡ್ಗನ್ ಹೆಸ್ರು ಯಾಕೆ ಹೇಳ್ದೆ?"

"ನೀನು ಉರ್ಕಂಡು ಕೇಳುದ್ಯಲ್ಲ, ಬಾಯಿಗ್ ಬಂದ್ಬುಡ್ತು."

ಕಚ್ಚಿದ್ದನ್ನಾದರೂ ಕ್ಷಮಿಸುತ್ತಿದ್ದೆನೇನೋ. ಆ ಹುಡುಗ ಏಟು ತಿನ್ನುವಾಗಲೂ ನನ್ನ ಹೆತ್ತವ್ವ ಬಾಯಿ ಬಿಡಲಿಲ್ಲವಲ್ಲ!

ಮನುಷ್ಯರ ಹಲ್ಲಿನ ಗಾಯ ಬೇಗ ಕೀವಾಗುತ್ತದೆ, ಹೊಲಿಗೆ ಹಾಕುವುದಿಲ್ಲ, ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿ ಎಂದರು ಡಾಕ್ಟರು. ಇಂಜೆಕ್ಷನ್ ಚುಚ್ಚಿದೊಡನೆ ಸ್ಪಂದನಾ "ಅಜ್ಜೀ" ಎಂದು ಅಳುತ್ತ ಅವ್ವನ ಕಡೆಗೇ ಕೈ ಚಾಚಿದಳು. ಅವ್ವನೂ ಚಾಚಿದಳು. ನಾನು ಮಗುವನ್ನು ಕೊಡಲಿಲ್ಲ.

ನಾಳೆ ನಾನು ಕೆಲಸಕ್ಕೆ ಹೋಗಲೇಬೇಕು. ನಂಬಿ ಮಗುವನ್ನು ಬಿಡಬಹುದಾದ ಮನೆ ಇಡೀ ಬೀದಿಯಲ್ಲಿ ಒಂದೇ ಇತ್ತು, ಗಂಗಾಂಬಿಕೆಯದು. ಆ ಬಾಗಿಲಿಗೆ ಹೋಗಲು ನನಗೆ ಮುಖವಿರಲಿಲ್ಲ.