ಮಂಜು ಹಾಕುವ ಕೆಲಸ

"ಬಲಗಡೆ ಯಾಕೆ ಮಂಜು ಹಾಕಿದ್ದೀಯಾ?" ಎಂದು ಎಡಿಟರ್ ತಮ್ಮ ಕುರ್ಚಿಯನ್ನು ಅವಳ ಪರದೆಯ ಹತ್ತಿರ ಎಳೆದುಕೊಂಡರು. "ಅಲ್ಲೇನಿದೆ ಅಂತ?"

ಪರದೆಯ ಮೇಲೆ ಅಮೃತಶಿಲೆಯ ದೇವತೆಯೊಬ್ಬಳು ನಿಂತಿದ್ದಳು. ಪಾಶ್ಚಾತ್ಯ ಕಲೆಯ ಚರಿತ್ರೆ ಹೇಳುವ ಸಾಕ್ಷ್ಯಚಿತ್ರ ಮಾಲಿಕೆ. ಭಾನುವಾರ ಸಂಜೆ ಪ್ರಸಾರ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಹೊತ್ತು, ಹಾಗಾಗಿ ಬೆತ್ತಲೆ ಮೈ ಎಲ್ಲಿ ಕಂಡರೂ ಮಸುಕಾಗಿಸಬೇಕೆಂದು ಚಾನೆಲ್ಲಿನ ಕಟ್ಟಪ್ಪಣೆ. ಎದೆಯ ಸುತ್ತ ಒಂದು ದುಂಡು ಗೆರೆ ಎಳೆದು, ಕ್ಯಾಮೆರಾ ಸರಿದಂತೆಲ್ಲ ಆ ಗೆರೆಯನ್ನೂ ಸರಿಸಿಕೊಂಡು ಹೋಗುವುದು ಅವಳ ಕೆಲಸ. ಆಫೀಸಿನಲ್ಲಿ ಅದಕ್ಕೆ ಮಂಜು ಹಾಕುವುದು ಎಂದೇ ಹೆಸರು. ಅವಳಿಗೆ ಮಂಜಿನಕ್ಕ ಎಂದು. ಚಿತ್ರಕಲೆ ಓದಿದವಳು. ಯಾರೋ ಜೀವ ತೇದು ಕೆತ್ತಿದ್ದನ್ನೆಲ್ಲ ಕೂತು ಮುಚ್ಚುವುದು ಅವಳ ಹಣೆಯಲ್ಲಿ ಬರೆದಿತ್ತು.

ಕೈ ಈಗ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಒಮ್ಮೆ ಹಣ್ಣಿನ ಬುಟ್ಟಿಯ ಚಿತ್ರದಲ್ಲಿ ಎರಡು ಪೀಚ್ ಹಣ್ಣುಗಳಿಗೆ ಮಂಜು ಹಾಕಿ ಇಡೀ ಆಫೀಸನ್ನು ನಗಿಸಿದ್ದಳು. ಈಗ ಸರಿಯಾಗಿ ನೋಡಿದಳು. ದೇವತೆಯ ಎಡಗಡೆ ನೆಟ್ಟಗಿತ್ತು. ಬಲಗಡೆ ಮೊಲೆ ಇರಲಿಲ್ಲ. ಯಾವುದೋ ಕಾಲದಲ್ಲಿ ಉರುಳಿ ಬಿದ್ದು, ಅಲ್ಲಿನ ಕಲ್ಲು ಚಕ್ಕೆಯೆದ್ದು ಹೋಗಿ, ಒರಟು ಗುರುತೊಂದೇ ಉಳಿದಿತ್ತು.

"ಇಲ್ಲದೇ ಇರೋದನ್ನೂ ಮುಚ್ಚಿಬಿಟ್ಯಲ್ಲ ಮಂಜಿನಕ್ಕ," ಎಂದು ಎಡಿಟರ್ ನಕ್ಕರು. "ಎಡಗಡೆ ಇರ್ಲಿ. ಬಲಗಡೆದು ತೆಗಿ."

ಅವಳಿಗೆ ನಗು ಬರಲಿಲ್ಲ. ಅಮ್ಮನಿಗೂ ಆಪರೇಷನ್ ಆಗಿದ್ದು ಬಲಗಡೆಯೇ. ಹೋದ ತಿಂಗಳು.

"ಇರ್ಲಿ ಬಿಡಿ ಸರ್. ನೋಡೋಕೆ ಒಂಥರಾ ಇದೆ."

"ಒಂಥರಾ ಏನು? ನಿರೂಪಕ ಆ ಮುರಿದ ಜಾಗದ ಬಗ್ಗೆನೇ ಮಾತಾಡ್ತಾನೆ. ಅದನ್ನೇ ಮುಚ್ಚಿದ್ರೆ ಅವನು ಯಾರಿಗೆ ಹೇಳೋದು, ಗೋಡೆಗಾ?"

ಅವರು ಎದ್ದು ಹೋಗುವ ಹಾಗೆ ಕಾಣಲಿಲ್ಲ. ವಿಧಿಯಿಲ್ಲದೆ ತೆಗೆದಳು.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಅವಳು ಒಂದು ಸಲ ದನಿ ಎತ್ತಿದರೆ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಮಗಳ ಕೆಲಸವನ್ನೂ ಅವಳು ಸುಮ್ಮನೆ ಬಿಟ್ಟವಳಲ್ಲ. "ಆ ಕಾಲದಲ್ಲಿ ಎಲ್ಲರಿಗೂ ಎದೆ ಮೇಲೇ ಮಂಜು ಬೀಳ್ತಿತ್ತೇನೇ?" ಎಂದು ವಾರವಾರ ಕಾಲೆಳೆಯುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಬಾಯಿ ಬಿದ್ದುಹೋಗಿತ್ತು. ಹೊಲಿಗೆ ಹಾಕಿದ ಜಾಗ ಕೆಂಪಾಗುತ್ತಿದೆ, ದಿನಾ ಯಾರಾದರೂ ನೋಡಿ ಮುಲಾಮು ಹಚ್ಚಬೇಕು, ಕೀವಾದರೆ ಮತ್ತೆ ಬಿಚ್ಚಬೇಕಾಗುತ್ತದೆ ಎಂದು ನರ್ಸ್ ಬಿಡಿಸಿ ಹೇಳಿದ್ದಳು. "ನಾನೇ ನೋಡ್ಕೋತೀನಿ," ಎಂದಿದ್ದಳು ಅಮ್ಮ. ನೋಡಿಕೊಳ್ಳುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ದೀಪ ಹಾಕುತ್ತಿರಲಿಲ್ಲ. ಮುಲಾಮಿನ ಟ್ಯೂಬು ಅಂಗಡಿಯಿಂದ ಬಂದ ಹಾಗೆಯೇ ಉಬ್ಬಿಕೊಂಡು ಕೂತಿತ್ತು. ಮಗಳು ಕೇಳಿದರೆ, "ನಿಂಗೆ ತೋರಿಸೋಕೆ ಅಲ್ಲೇನೂ ಇಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಎರಡು ದಿನದಿಂದ ಮೈ ಬೇರೆ ಬೆಚ್ಚಗಿತ್ತು. ಮಗಳಿಗೆ ಜೀವದಲ್ಲಿ ಜೀವವಿರಲಿಲ್ಲ.

ಭಾನುವಾರ ಸಂಜೆ ಅವಳು ಮೆಲ್ಲಗೆ ಮಾತು ತೆಗೆದಳು. "ಅಮ್ಮ, ಇವತ್ತು ಪಾರ್ಕ್ ಕಡೆ ಹೋಗಿಬರೋಣ್ವಾ?"

"ನಿನ್ನ ಕಾರ್ಯಕ್ರಮ ಬಿಟ್ಟು ಅಲ್ಲಿ ಯಾವ ಮರ ನೋಡ್ಲಿ?" ಎಂದು ಅಮ್ಮ ಟೀವಿ ಹಚ್ಚಿದಳು.

ಮೊದಲು ಕಂಬಗಳು ಬಂದವು, ಮುರಿದ ಹೂಜಿಗಳು ಬಂದವು, ಮೂಗು ಹೋದ ಒಬ್ಬ ದೊರೆ ಬಂದ. ಆಮೇಲೆ ದೇವತೆ ಬಂದಳು. ಕ್ಯಾಮೆರಾ ಅವಳ ಸುತ್ತ ನಿಧಾನವಾಗಿ ತಿರುಗತೊಡಗಿತು. ಮಗಳು ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡುತ್ತ ಕೂತಳು. ಈ ಭಾಗವನ್ನು ಮತ್ತೆ ಕೂಡಿಸುವ ಗೋಜಿಗೆ ಯಾರೂ ಹೋಗಿಲ್ಲವೆಂದು ನಿರೂಪಕ ಸಾವಕಾಶವಾಗಿ ಹೇಳುತ್ತಿದ್ದ. ಅವನ ಗಂಟಲು ಒತ್ತಿಬಿಡಬೇಕೆನ್ನಿಸಿತು ಅವಳಿಗೆ.

"ಇದೇನೇ ಇದು," ಎಂದಳು ಅಮ್ಮ. "ಇರೋದಕ್ಕೆ ಮಂಜು, ಇಲ್ಲದ್ದಕ್ಕೆ ಬೆಳಕು. ಯಾರು ಮಾಡಿದ್ದು?"

"ನಾನೇ." ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. "ಮೊದಲು ಎರಡೂ ಕಡೆ ಹಾಕಿದ್ದೆ. ಎಡಿಟರ್ ತೆಗಿ ಅಂದ್ರು. ಬೇಡ ಸರ್ ಅಂದೆ. ನೀನು ನೋಡಿಬಿಡ್ತೀಯ ಅಂತ ಭಯ ಆಯ್ತು."

ಅಮ್ಮ ಮತ್ತೆ ಟೀವಿಯ ಕಡೆಗೆ ತಿರುಗಿದಳು. ದೇವತೆಯ ಆ ಕಡೆ, ಈ ಕಡೆ, ಬೆನ್ನು, ಮತ್ತೆ ಆ ಒರಟು ಕಲ್ಲು. ಕ್ಯಾಮೆರಾ ಹೋದಲ್ಲೆಲ್ಲ ಅವಳ ಕಣ್ಣೂ ಹೋಯಿತು. ಜಾಹೀರಾತು ಬಂದು ಯಾರೋ ಹಲ್ಲುಜ್ಜತೊಡಗಿದ ಮೇಲೂ ಅಲ್ಲೇ ನೋಡುತ್ತಿದ್ದಳು.

"ನಂದೂ ಹೀಗೇ ಇದೆಯೇನೇ?" ಎಂದು ಕೇಳಿದಳು ಕಡೆಗೆ.

"ನಂಗೆ ಹೇಗೆ ಗೊತ್ತಾಗಬೇಕಮ್ಮ? ನಾನು ನೋಡಿಲ್ವಲ್ಲ."

"ನಾನೂ ನೋಡಿಲ್ಲ ಕಣೇ," ಎಂದಳು ಅಮ್ಮ.

ಅಮ್ಮ ಟೀವಿಯ ಸದ್ದು ಅಡಗಿಸಿ, ಸೋಫಾದಲ್ಲಿ ಸ್ವಲ್ಪ ಈಚೆಗೆ ಸರಿದು, ಅಂಗಿಯ ಕತ್ತಿನ ಹತ್ತಿರ ಕೈಯಾಡಿಸಿದಳು. ಗುಂಡಿ ಬೆರಳಿಗೆ ಸಿಗದೆ ಜಾರಿತು. ಇನ್ನೊಂದು ಸಲ ಪ್ರಯತ್ನಿಸಿದಳು, ಆಗಲೂ ಆಗಲಿಲ್ಲ.

"ನೀನೇ ಬಿಚ್ಚು," ಎಂದಳು. "ಮೊದಲು ನೀನು ನೋಡಿ ಹೇಳು. ಆಮೇಲೆ ನಾನು ನೋಡ್ತೀನಿ."

ಮಗಳು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದಳು. ಬೆರಳು ತಣ್ಣಗಿದ್ದವು. ಅಮ್ಮನ ಎದುರು ಮಂಡಿಯೂರಿ ಕೂತು, ಎರಡೂ ಅಂಗೈಗಳನ್ನು ಬೆಚ್ಚಗಾಗುವವರೆಗೆ ಉಜ್ಜಿಕೊಂಡು, ಮೊದಲನೆಯ ಗುಂಡಿಗೆ ಬೆರಳಿಟ್ಟಳು.